ಬೆಂಗಳೂರಾಗ ಹುಬ್ಬಳ್ಳಿಯಾಂವ, ಮುಂಬೈದಾಗ ಬೆಂಗಳೂರಾಂವ

ಹೋದ ಸಲ ಜಿಎಸ್‌ಟಿ ಬಗ್ಗೆ ಮಾತಾಡಿ ನಿಮ್ಮ ತಲಿ ತಿಂದೀನಿ. ಬಿ.ಕಾಂ. ಮಾಡಿದವನ ಚಟ ಅದು, ಬಿಡ್ರಿ. ಇವತ್ತು ಲೆಕ್ಕಪತ್ರ ಇಲ್ಲ. ಊರು ಬಿಟ್ಟು ದೊಡ್ಡ ಸಿಟಿಗೆ ಹೋದಾಗ ಸಿಗೋ ಸಣ್ಣ ಖುಷಿಗಳ ಬಗ್ಗೆ ಮಾತು. ಒಂದು ಚಪ್ಪಲಿ ಕಥೆನೂ ಐತಿ.

ನಮ್ಮ ಕಡೆಯ ಭೂಗೋಳ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಚಿಕ್ಕೋಡಿ ಊರಿಗೆ ರೈಲು ಇಲ್ಲ. 'ಚಿಕ್ಕೋಡಿ ರೋಡ್' ಅಂತ ಸ್ಟೇಷನ್ ಐತಿ, ಆದರೆ ಹೆಸರೇ ಹೇಳೋ ಹಂಗ ಅಲ್ಲಿ ಚಿಕ್ಕೋಡಿ ಇಲ್ಲ, ಚಿಕ್ಕೋಡಿಗೆ ಹೋಗೋ ರೋಡ್ ಐತಿ. ನಿಪ್ಪಾಣಿಯವರಿಗೆ ಬೆಳಗಾವಿಗಿಂತ ಕೊಲ್ಲಾಪುರ ಹತ್ತಿರ. ಕಾಗವಾಡದವರು ದವಾಖಾನಿ ಅಂದ್ರ ಮಿರಜ ಅಂತಾರೆ. ನಮ್ಮ ರಾಜಧಾನಿ ಬೆಂಗಳೂರು ಮಾತ್ರ ಒಂದು ರಾತ್ರಿ ಪೂರ್ತಿ ದೂರ.

ಹಿಂಗಾಗಿ ಎಲ್ಲಿ ಹೋದರೂ ನಾವು ಬೇರೆ ಯಾರೋ ಆಗ್ತೀವಿ. ಕೊಲ್ಲಾಪುರದಲ್ಲಿ ನಾನು 'ಕಾನಡಿ'. ಮುಂಬೈಯಲ್ಲಿ 'ಬೆಂಗಳೂರ್‌ವಾಲಾ'. ಬೆಂಗಳೂರಲ್ಲಿ ಆಟೋ ಹತ್ತಿ ಎರಡು ಮಾತಾಡಿದ್ರೆ ಸಾಕು, "ಹುಬ್ಬಳ್ಳಿನಾ ಸಾರ್?" ಅಂತಾರೆ. ತುಮಕೂರು ದಾಟಿದರೆ ಎಲ್ಲಾ ಹುಬ್ಬಳ್ಳಿನೇ ಅವರಿಗೆ. ಮೊದಮೊದಲು ತಿದ್ದತಿದ್ದೆ. ಈಗ "ಹೌದ್ರಿ" ಅಂತೀನಿ, ಅಂವ ಹುಬ್ಬಳ್ಳಿಯ ತನ್ನ ಭಾವನ ಕಥಿ ಹೇಳ್ತಾನೆ, ಟ್ರಾಫಿಕ್ ಕಳೀತದ.

ಅವ್ವನ್ನ ಬೆಂಗಳೂರಿಗೆ ಕರಕೊಂಡು ಹೋಗಿದ್ದು ಹೋದ ವರ್ಷ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರು ಆದಾಗಿಂದ ಆಕೀದು ಒಂದೇ ಹಟ, ಆಧಾರ್ ಕಾರ್ಡ್ ತೋರಿಸಿ ಬೆಂಗಳೂರು ನೋಡಬೇಕು ಅಂತ. ಸ್ಲೀಪರ್ ಬಸ್ಸಿಗೆ ಅದು ನಡೆಯೋದಿಲ್ಲ, ಕೆಂಪು ಬಸ್ಸೇ ಬೇಕು. ಆಕೀಗೆ ಸೊನ್ನೆ ರೂಪಾಯಿ ಟಿಕೆಟ್, ನನಗೆ ಪೂರ್ತಿ ಚಾರ್ಜ್. ರಾತ್ರಿಯೆಲ್ಲಾ ಕುಂತು ಕುಂತು ನನ್ನ ಸೊಂಟ ಹೋತು. ಅವ್ವ ಆ ಸೊನ್ನೆ ಟಿಕೆಟ್ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಹಾಯಾಗಿ ಮಲಗಿದ್ದಳು.

ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೋ ಹತ್ತಿದ್ವಿ. ಎಸ್ಕಲೇಟರ್ ಕಂಡು ಹೆದರಿ ನನ್ನ ಅಂಗಿ ಹಿಡಕೊಂಡಿದ್ದವಳು ಒಳಗೆ 'ಮುಂದಿನ ನಿಲ್ದಾಣ' ಅಂತ ದನಿ ಬಂದ ಕೂಡಲೇ ತಲೆ ಎತ್ತಿದಳು. "ಇದು ವರಲಕ್ಷ್ಮಿ ದನಿ ಅಲ್ಲೇನೋ? ಮಜಾ ಟಾಕೀಸ್‌ದಾಕಿ?" ಹೌದು, ಅಪರ್ಣಾ ಅವರದೇ. 2024ರ ಜುಲೈಯಲ್ಲಿ ಅವರು ತೀರಿಕೊಂಡ ಸುದ್ದಿ ಟಿವಿಯಲ್ಲಿ ನೋಡಿ ಅವ್ವ ಬೇಜಾರು ಮಾಡಿಕೊಂಡಿದ್ದಳು. ಆಮೇಲೆ ಆಕಿ ಕಿಟಕಿ ನೋಡಲೇ ಇಲ್ಲ, ಪ್ರತಿ ಸ್ಟೇಷನ್ ಬರೋ ಮುಂಚೆ ದನಿಗೆ ಕಾಯ್ತಾ ಕುಂತಳು. ಇಳಿಯೋ ಸ್ಟೇಷನ್ ಬಂದಾಗ "ಇನ್ನೊಂದು ಸ್ಟೇಷನ್ ಹೋಗೂಣ ಬಾ" ಅಂದಳು. ಹೋದ್ವಿ. ವಿಧಾನಸೌಧದ ಮುಂದೆ ಫೋಟೋ ತೆಗೆಸಿಕೊಂಡದ್ದು ಆಕೀಗೆ ಈಗ ಅಷ್ಟು ನೆನಪಿಲ್ಲ. ಇದು ಐತಿ.

ಈಗ ಮುಂಬೈ. ಕೊಲ್ಲಾಪುರದಿಂದ ಬರೋ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್‌ನ ಮಿರಜದಲ್ಲಿ ಹತ್ತಿದರೆ ಬೆಳಿಗ್ಗೆ ಮುಂಬೈ. ಲೋಕಲ್ ರೈಲಿನಲ್ಲಿ 'ನಾಲ್ಕನೇ ಸೀಟು' ಅಂತ ಒಂದು ಐತಿ ನೋಡ್ರಿ. ಮೂರು ಮಂದಿ ಕೂಡೋ ಬೆಂಚಿಗೆ ಯಾರೋ ಸ್ವಲ್ಪ ಸರೀತಾರೆ, ಅರ್ಧ ತೊಡೆ ಊರೋ ಅಷ್ಟು ಜಾಗ ಸಿಗ್ತದೆ. ಮಾತಿಲ್ಲ, ಥ್ಯಾಂಕ್ಸ್ ಇಲ್ಲ. ನನಗೆ ಇಡೀ ಮುಂಬೈಯಲ್ಲಿ ಇಷ್ಟ ಆದದ್ದು ಅದೇ.

ಅದೇ ದಿನ ದಾದರ್ ಸೇತುವೆ ಇಳೀವಾಗ ಬಲಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋತು. ಹಿಂದಿನಿಂದ ಜನ ನೂಕ್ತಾ ಐತಿ, ನಾನು ಕುಂಟ್ತಾ ನಮ್ಮ ಭಾಷೆಯಲ್ಲೇ ಜೋರಾಗಿ ಒಂದು ಬೈಗುಳ ಬೈದೆ. ಇಲ್ಲಿ ಹೇಳೋ ಹಂಗಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಹೊಲಿಯೋ ಒಬ್ಬರು ಕುಂತಿದ್ದರು, ಐವತ್ತು ದಾಟಿದ ವಯಸ್ಸು. ನಕ್ಕು, "ಯಾವೂರಪ್ಪಾ?" ಅಂದರು. "ಚಿಕ್ಕೋಡಿರೀ ಕಾಕಾ."

ಚಪ್ಪಲಿ ತಗೊಂಡು ತಿರುಗಿಸಿ, ಅಂಚಿನ ಹೊಲಿಗೆ ಮೇಲೆ ಹೆಬ್ಬೆರಳು ಆಡಿಸಿದರು. "ಅಥಣಿ ಕಡೇದಿದು." ಅಪ್ಪ ಅಥಣಿಯಿಂದಲೇ ತಂದುಕೊಟ್ಟಿದ್ದರು. ಅಲ್ಲೇ ನಾಲ್ಕು ಹೆಜ್ಜೆ ದೂರದ ಅಂಗಡಿಯಲ್ಲಿ ಇಂಥವನ್ನೇ 'ಅಸಲಿ ಕೊಲ್ಲಾಪುರಿ' ಅಂತ ತೂಗುಹಾಕಿದ್ದರು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಾಗ ಮಹಾರಾಷ್ಟ್ರದ 4 ಜಿಲ್ಲೆ, ಕರ್ನಾಟಕದ 4 ಜಿಲ್ಲೆ ಸಮಸಮ ಇದ್ದವು. ನಮ್ಮ ಬೆಳಗಾವಿಯೂ ಅದರಲ್ಲಿ ಒಂದು. 2025ರ ಜೂನ್‌ನಲ್ಲಿ ಮಿಲಾನ್ ಫ್ಯಾಷನ್ ಶೋದಾಗ ಪ್ರಾಡಾ ಕಂಪನಿ ಇಂಥದ್ದೇ ಚಪ್ಪಲಿ ತೋರಿಸಿ ಗಲಾಟೆ ಆತಲ್ಲ, ಆಗಲೂ ಎಲ್ಲರ ಬಾಯಲ್ಲಿ ಕೊಲ್ಲಾಪುರ. ಅಥಣಿ ಹೆಸರು ಅಲ್ಲಲ್ಲಿ ಬಂತು ಅಷ್ಟೇ.

ಕಾಕಾ ಅಥಣಿ ತಾಲೂಕಿನ ಒಂದು ಹಳ್ಳಿಯವರು. "ಚರ್ಮ ಕೊಯ್ಯೋದು ಗಂಡಸ್ರು, ಹೆಣಿಗಿ ಹೊಲಿಗಿ ಹೆಣ್ಮಕ್ಕಳು. ನಮ್ಮವ್ವ ಇನ್ನೂ ಹಾಕ್ತಾಳ" ಅಂದರು. ಉಂಗುಟ ಹೊಲಿದು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ತಗೊಳ್ಳೋದು ಬಿಟ್ಟು ಅವರೇ ನನಗೆ ಕೊಟ್ಟರು: 500ರ ನಾಲ್ಕು ನೋಟು, ಒಂದು ಕನ್ನಡಕದ ಡಬ್ಬಿ. ಅವ್ವನಿಗೆ ಮುಟ್ಟಿಸಬೇಕಂತೆ. ಫೋನ್‌ಪೇ ಮಾಡ್ರಿ ಅಂದೆ. "ತಮ್ಮನ ಫೋನಿಗೆ ಹಾಕಿದ್ರ ಅಂವ ಕುಡೀತಾನ. ಅವ್ವನ ಕೈಗೆ ಬರೂದಿಲ್ಲ."

ನನ್ನ ಹೆಸರೂ ಕೇಳಿರಲಿಲ್ಲ ಆ ಮನುಷ್ಯ. "ನನ್ನ ಮ್ಯಾಲ ಹೆಂಗ ನಂಬಿಕಿ ಕಾಕಾ?" ಅಂದೆ. "ಚಪ್ಪಲಿ ನೋಡಿದ್ನಲ್ಲ" ಅಂದರು. ಪಕ್ಕದ ಚಹಾದಂಗಡಿ ನಂಬರ್ ಬರೆದು ಕೊಟ್ಟರು. ಒಂದು ಫೋಟೋ ತಗೊಂಡೆ.

ಇಲ್ಲಿ ಒಂದು ಒಪ್ಪಿಕೋಬೇಕು. ವಾಪಸ್ ಬರೋವಾಗ ಪುಣೆಯಲ್ಲಿ ಗೆಳೆಯರ ಜೊತೆ ಊಟಕ್ಕೆ ಅದರಲ್ಲಿ ಒಂದು ನೋಟು ಖರ್ಚು ಮಾಡಿದೆ. ಊರಿಗೆ ಹೋಗಿ ಹಾಕಿದ್ರಾತು ಅಂತ. ಊರಿಗೆ ಬಂದೆ, ನಾಳೆ ನಾಳೆ ಅಂತ ಹನ್ನೊಂದು ದಿನ ಕಳೆದೆ. ಕನ್ನಡಕದ ಡಬ್ಬಿ ಮೈಕ್ ಪಕ್ಕದಲ್ಲೇ ಇತ್ತು. ಒಂದಿನ ಅವ್ವ ಅದನ್ನ ಕಂಡು, ಯಾರದು ಅಂತ ಕೇಳಿ, ಕಥೆ ಕೇಳಿದ ಮೇಲೆ ಏನೂ ಬೈಯಲಿಲ್ಲ. "ಹನ್ನೊಂದು ದಿನ ಆ ಮುದುಕಿ ಸೂಜ್ಯಾಗ ದಾರ ಹೆಂಗ ಪೋಣಿಸ್ಯಾಳು?" ಅಂದಳು ಅಷ್ಟೇ. ಆ ಕ್ಷಣ ಬೈಕ್ ತೆಗೆದೆ.

ಅಂಕಲಿ ದಾಟಿ, ಕೃಷ್ಣಾ ಸೇತುವೆ ದಾಟಿ, ಕಾಗವಾಡದ ಮೇಲೆ ಹೋದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಅರ್ಧ ದಾರಿ. ಅಜ್ಜಿ ಬಾಗಿಲಲ್ಲೇ ಕುಂತು ಚರ್ಮದ ಎಳೆ ಹೆಣೀತಿದ್ದಳು. ದುಡ್ಡು ಎಣಿಸದೇ ಸೆರಗಿಗೆ ಕಟ್ಟಿಕೊಂಡಳು. ಕನ್ನಡಕ ಹಾಕಿಕೊಂಡು ನನ್ನ ಫೋನಿನಲ್ಲಿ ಫೋಟೋ ನೋಡಿದಳು, "ಸೊರಗ್ಯಾನ" ಅಂದಳು. ಆಮೇಲೆ ಕಣ್ಣು ನನ್ನ ಕಾಲಿಗೆ ಬಿತ್ತು. "ಈ ಉಂಗುಟ ಅಂವ ಹೊಲಿದದ್ದೇನು? ಬಿಚ್ಚು ಇಲ್ಲೆ."

ಚಹಾದಂಗಡಿಗೆ ಫೋನ್ ಹಚ್ಚಿ ಕೊಟ್ಟೆ. ಎರಡು ವರ್ಷಕ್ಕೆ ಮಗನ ದನಿ ಕೇಳಿದ್ದಂತೆ. ಊಟ ಆತೇನು, ಆರಾಮ ಅದಿಯೇನು, ಏನಿಲ್ಲ. "ಇದೇನು ಹೊಲಿಗೀನೋ? ಮುಂಬೈದಾಗ ಇಂಥಾದಕ್ಕ ರೊಕ್ಕಾ ಕೊಡ್ತಾರೇನು?" ಅಂತ ಐದು ನಿಮಿಷ ಬೈದಳು. ಆ ಕಡೆಯಿಂದ ಕಾಕಾ ನಗೋದು ನನಗೆ ಕೇಳಿಸ್ತಿತ್ತು. ನನ್ನ ಬ್ಯಾಟರಿ ಶೇಕಡಾ 4 ಉಳಿದಿತ್ತು, ಸುಮ್ಮನೆ ಕುಂತೆ. ಫೋನ್ ತಾನೇ ಆಫ್ ಆದ ಮೇಲೆ ಅಜ್ಜಿ ಆ ಉಂಗುಟ ಬಿಚ್ಚಿ ಮತ್ತೆ ಹೊಲಿದಳು.

ಈಗ ಇದನ್ನ ರೆಕಾರ್ಡ್ ಮಾಡ್ತಿರೋವಾಗ್ಲೂ ಅದೇ ಚಪ್ಪಲಿ ಬಾಗಿಲ ಹೊರಗೆ ಐತಿ. ನಿಮಗೂ ಇಂಥವರು ಯಾವುದಾದರೂ ಸಿಟಿಯಲ್ಲಿ ಸಿಕ್ಕಿದ್ದರೆ ವಾಯ್ಸ್ ನೋಟ್ ಕಳಿಸ್ರಿ, ಹೆಸರು ಬ್ಯಾಡಂದ್ರ ಹಾಕೂದಿಲ್ಲ. ಬರ್ತೀನ್ರೀ.