ದಾಖಲಾತಿ ಪುಸ್ತಕದ ಹೊಣೆ



ಪ್ರದರ್ಶನದಲ್ಲಿ ಹಳೆಯ ದಾಖಲಾತಿ ಪುಸ್ತಕ ಏಕಿಲ್ಲವೆಂದು ಹಲವರು ಕೇಳಿದಿರಿ. ನಿಮ್ಮ ಹಿರಿಯರು ನಂಬಿ ಬರೆಯಿಸಿದ ಜಾತಿ, ಜನ್ಮದಿನಾಂಕಗಳು ಅದರಲ್ಲಿವೆ.

ಸುಮಾರು 210 ಸರಕಾರಿ ಜಾಲತಾಣಗಳು ಫಲಾನುಭವಿಗಳ ಆಧಾರ್ ಸಂಖ್ಯೆಗಳನ್ನು ಬಯಲಿಗಿಟ್ಟಿದ್ದವೆಂದು 2017ರಲ್ಲಿ ಆಧಾರ್ ಪ್ರಾಧಿಕಾರವೇ ತಿಳಿಸಿತು. ಶಿಕ್ಷಣ ಸಂಸ್ಥೆಗಳೂ ಅವುಗಳಲ್ಲಿದ್ದವು. ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದೂ ಅದೇ ವರ್ಷ.

ನಾವೂ ನಿರ್ದೋಷಿಗಳಲ್ಲ. ಶಿಷ್ಯವೇತನದ ಯಾದಿಯನ್ನು ಬ್ಯಾಂಕ್ ಖಾತೆಯ ಸಂಖ್ಯೆಗಳೊಡನೆ ಫಲಕಕ್ಕೆ ಅಂಟಿಸಿದ್ದೆವು. “ಅಕ್ಕೋರ, ಇದನ್ನ ಎಲ್ಲಾರೂ ಓದಬೇಕೇನ್ರಿ?” ಎಂದು ಒಬ್ಬ ತಾಯಿ ಕೇಳಿದ ದಿನವೇ ತೆಗೆದೆವು.

ಪುಸ್ತಕವು ಕಪಾಟಿನಲ್ಲಿ ಭದ್ರವಾಗಿದೆ. ತಮ್ಮ ಮನೆಯವರ ಹೆಸರನ್ನು ನೋಡಬಯಸುವವರು ಕಚೇರಿಗೆ ಬರಬೇಕು. ಆ ಸಾಲನ್ನಷ್ಟೇ ಸಂತೋಷದಿಂದ ತೋರಿಸುವೆವು.