ವಿಕಲಚೇತನರ ಕಾಯಕವೂ ಮಠದ ಕರ್ತವ್ಯವೂ

(ಮಹೋತ್ಸವದ ಅನುಭಾವ ಗೋಷ್ಠಿಯಲ್ಲಿ ಜರುಗಿದ ಉಪನ್ಯಾಸ)



ಮಹೋತ್ಸವದ ಕಾಲದಲ್ಲಿ ಮಠದ ಪೂರ್ವಚರಿತ್ರೆಯನ್ನೂ ದಾಸೋಹದ ಮಹಿಮೆಯನ್ನೂ ಕೊಂಡಾಡುವದು ವಾಡಿಕೆಯು. ಇಂದಿನ ವಿಷಯವೂ ದಾಸೋಹಕ್ಕೆ ಸಂಬಂಧಪಟ್ಟದ್ದೇ ಆಗಿರುತ್ತದೆ. ಆದರೆ ಅದರ ಒಂದು ಮಗ್ಗುಲು ಜನರ ಲಕ್ಷ್ಯಕ್ಕೆ ಬಾರದೆ ಉಳಿದಿದೆ. ಕಣ್ಣು, ಕಿವಿ, ಕೈಕಾಲು ಇಲ್ಲವೆ ಬುದ್ಧಿ ಇವುಗಳಲ್ಲಿ ಊನವುಳ್ಳವರು ಪ್ರಾಯಕ್ಕೆ ಬಂದ ಬಳಿಕ ವಾರದ ದಿನಗಳನ್ನು ಹೇಗೆ ಕಳೆಯುತ್ತಾರೆ, ಹೇಗೆ ಕಳೆಯತಕ್ಕದ್ದು ಎಂಬದೇ ಇಲ್ಲಿಯ ವಿಚಾರವು.

ವಿಜಯಪುರ ಸೀಮೆಯ ಇಟ್ಟಂಗಿಹಾಳದಂಥ ಒಂದು ಊರನ್ನು ಮನಸ್ಸಿಗೆ ತಂದುಕೊಳ್ಳಿರಿ. ಹೊತ್ತು ಏರುವದರೊಳಗಾಗಿ ಕೆಲವರು ಬಿಳಿಜೋಳದ ಹೊಲಕ್ಕೆ, ಕೆಲವರು ತಿಕೋಟಾ ಕಡೆಯ ದ್ರಾಕ್ಷಿಯ ತೋಟಗಳಿಗೆ, ಕೆಲವರು ಬಸ್ಸು ಹತ್ತಿ ವಿಜಯಪುರಕ್ಕೆ ಹೊರಟುಹೋಗುತ್ತಾರೆ. ಮಕ್ಕಳು ಶಾಲೆಗೆ ಹೋಗುತ್ತವೆ. ಆಗ ಇಂಥ ಯಾವುದೋ ಒಂದು ಮನೆಯ ಪಡಸಾಲೆಯಲ್ಲಿ ಮೂವತ್ತು ವಯಸ್ಸಿನ ಮಗನೊಬ್ಬನು ಕಂಬಕ್ಕೆ ಒರಗಿ ಕುಳಿತಿರುತ್ತಾನೆ. ಅವನಿಗೆ ಮಾತು ಸ್ಪಷ್ಟವಿಲ್ಲ, ಎಣಿಕೆ ತಿಳಿಯದು. ತಾಯಿಯು ಅವನಿಗೆ ಉಣಿಸಿ, ನೀರಿನ ತಂಬಿಗೆಯನ್ನು ಬದಿಗಿರಿಸಿ, ಹೊರಗಿನಿಂದ ಅಗುಳಿ ಹಾಕಿಕೊಂಡು ಕೂಲಿಗೆ ಹೋಗುತ್ತಾಳೆ. ಅವಳಿಗೆ ಮಗನ ಮೇಲೆ ಪ್ರೀತಿಯಿಲ್ಲವೆಂದಲ್ಲ; ಅವನಿಗೆ ಹೋಗಲು ಬೇರೆ ಸ್ಥಳವಿಲ್ಲ. ಸಂಜೆ ಅವಳು ಬಂದು ಅಗುಳಿ ತೆಗೆಯುವ ವರೆಗೆ ಅವನಿಗೆ ಸೋಮವಾರವೂ ಶನಿವಾರವೂ ಒಂದೇ. ರಾತ್ರಿ ಅವಳ ಮನಸ್ಸಿನಲ್ಲಿ ಏಳುವ ಪ್ರಶ್ನೆಯು ಒಂದೇ: ತಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಯಾರು?

ಇದು ಒಂದೆರಡು ಮನೆಗಳ ಮಾತಲ್ಲ. ೨೦೧೧ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು ೨ ಕೋಟಿ ೬೮ ಲಕ್ಷ, ಕರ್ನಾಟಕದಲ್ಲಿ ಸುಮಾರು ೧೩ ಲಕ್ಷ ೨೪ ಸಾವಿರ ವಿಕಲಚೇತನರಿರುವದಾಗಿ ಲೆಕ್ಕ ಸಿಕ್ಕಿತು. ಜಾತ್ರೆಯ ತೇರಿನ ಮುಂದೆ ಇವರು ಕಾಣದಿದ್ದರೆ ಅದಕ್ಕೆ ಕಾರಣವು ಇವರು ಇಲ್ಲವೆಂಬದಲ್ಲ, ಮನೆಯೊಳಗಿದ್ದಾರೆಂಬದು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನೆತ್ತುತ್ತಾರೆ. ಇದು ಪೂರ್ವಜನ್ಮದ ಕರ್ಮಫಲವು. ಅವರಿಗೆ ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ ಕೊಟ್ಟರೆ ಸಾಕು. ಅದಕ್ಕಿಂತ ಹೆಚ್ಚಿನದು ಅವರಿಗೆ ತಿಳಿಯುವದೂ ಇಲ್ಲ ಎಂದು. ಈ ಮಾತನ್ನಾಡುವವರು ತಮ್ಮ ಮನೆಯ ಸಂಸ್ಕಾರವನ್ನೇ ಸ್ಮರಿಸತಕ್ಕದ್ದು. ಕೂಸು ಹುಟ್ಟಿದಾಗ ಅದಕ್ಕೆ ಲಿಂಗಧಾರಣವಾಗುತ್ತದೆ. ಆಗ ಗುರುವು ಆ ಕೂಸಿನ ಕಣ್ಣು ಕಾಣುವದೋ, ಬುದ್ಧಿ ಬೆಳೆಯುವದೋ ಎಂದು ಪರೀಕ್ಷಿಸಿ ಲಿಂಗವನ್ನು ಕಟ್ಟುವದಿಲ್ಲ. ಲಿಂಗವನ್ನು ಕೊಡುವಾಗ ಇಲ್ಲದ ಪರೀಕ್ಷೆಯು ಕಾಯಕವನ್ನು ಕೊಡುವಾಗ ಎಲ್ಲಿಂದ ಬಂದಿತು? ಕಾಯಕವಿಲ್ಲದೆ ದಾಸೋಹವಿಲ್ಲವೆಂದು ಒಪ್ಪಿದ ಮೇಲೆ, ಒಬ್ಬನಿಗೆ ಬದುಕಿನುದ್ದಕ್ಕೂ ಅನ್ನವನ್ನು ಮಾತ್ರ ನೀಡಿ ಕಾಯಕವನ್ನು ನೀಡದಿರುವದು ಅವನನ್ನು ದಾಸೋಹದ ಅರ್ಧಕ್ಕೆ ನಿಲ್ಲಿಸಿದಂತೆಯೇ ಸರಿ. ಅವನು ಕೊಳ್ಳುವವನಾಗಿಯೇ ಉಳಿದನು; ಕೊಡುವವನ ಸಂತೋಷವು ಅವನಿಗೆ ದೊರೆಯಲಿಲ್ಲ.

ಕಲ್ಯಾಣದ ಶರಣರಲ್ಲಿ ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದನು. ಕೊಟ್ಟಣದ ಸೋಮವ್ವೆಯು ಧಾನ್ಯ ಕುಟ್ಟುತ್ತಿದ್ದಳು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು; ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಅವನ ಸತಿ ಲಕ್ಕಮ್ಮನು ಅದನ್ನು ತಿರುಗಿ ಕಳಿಸಿದಳೆಂಬದು ಪ್ರಸಿದ್ಧ ಕಥೆಯು. ಹೊಸೆಯುವದು, ಕುಟ್ಟುವದು, ಆಯುವದು ಇವು ಲೋಕದ ಕಣ್ಣಿಗೆ ಸಣ್ಣ ಕೆಲಸಗಳು. ಇವುಗಳನ್ನು ಮಾಡಿದವರ ಹೆಸರು ಎಂಟುನೂರು ವರ್ಷಗಳಾಚೆಗೂ ಉಳಿದಿರುವಾಗ, ಇದೇ ಕೆಲಸವನ್ನು ಇಂದು ಒಬ್ಬ ವಿಕಲಚೇತನನು ಮಾಡಿದರೆ ಅದನ್ನು ಹೊತ್ತುಗಳೆಯುವ ಆಟವೆಂದು ಯಾರು ಅನ್ನಬೇಕು?

ಇದು ಬರಿಯ ತತ್ವವಲ್ಲ. ಕರ್ನಾಟಕದಲ್ಲಿಯೇ ನಡೆದು ಸಿದ್ಧವಾದ ಸಂಗತಿಯು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಗದಿಗೆಯ್ಯನೆಂಬ ಕೂಸು ಹುಟ್ಟಿನಿಂದಲೇ ದೃಷ್ಟಿಯಿಲ್ಲದೆ ಜನಿಸಿತು. ಅಣ್ಣನಾದ ಗುರುಬಸಯ್ಯನೂ ಅಂಧನೇ. ೧೯೦೯ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳವರು ಈ ಸಹೋದರರ ಕಂಠದ ಗುಣವನ್ನು ಕಂಡು ಅವರನ್ನು ಸಂಗೀತವಿದ್ಯೆಗೆ ಹಾಕಿದರು. ಇಬ್ಬರು ಅಂಧ ಬಾಲಕರಿಗೆ ಅನ್ನ ಹಾಕಿ ಸುಮ್ಮನಿರುವದು ಶ್ರೀಗಳವರಿಗೆ ಸುಲಭವಿದ್ದಿತು. ಅವರು ಹಾಗೆ ಮಾಡದೆ, ಬಾಲಕರ ಕೊರತೆಯನ್ನು ಬಿಟ್ಟು ಅವರಲ್ಲಿದ್ದ ಶಕ್ತಿಯನ್ನು ಹುಡುಕಿದರು. ಗದಿಗೆಯ್ಯನು ಕರ್ನಾಟಕ ಪದ್ಧತಿಯನ್ನು ಅಭ್ಯಸಿಸಿ, ಅನಂತರ ನೀಲಕಂಠ ಬುವಾ ಅವರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಸಾಧಿಸಿ, ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದನು.

ಗವಾಯಿಗಳವರು ತಾವು ಪಡೆದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧ ಮತ್ತು ಅನಾಥ ಬಾಲಕರನ್ನು ಕೂಡಿಸಿಕೊಂಡು ಊರೂರು ಸಂಚರಿಸುತ್ತ, ಭಿಕ್ಷೆಯಿಂದ ಬಂದುದರಲ್ಲಿ ಅವರಿಗೆ ಉಣಿಸಿ, ಸಂಗೀತವನ್ನು ಕಲಿಸಿದರು. ಆ ಸಂಚಾರೀ ಪಾಠಶಾಲೆಯೇ ಕಡೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಆ ಭಾರವನ್ನು ಹೊತ್ತವರು ದೇವಗಿರಿಯಲ್ಲಿ ೧೯೧೪ರಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು. ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳಲ್ಲಿ ನಿಪುಣರಾಗಿ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥರಚನೆ ಮಾಡಿ, ನಾಟಕ ಕಂಪನಿಯನ್ನೂ ನಡೆಸಿ ಆಶ್ರಮವನ್ನು ಸಲಹಿದರು. ೨೦೧೦ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. ಅದೇ ವರ್ಷ ಸೆಪ್ಟೆಂಬರ ತಿಂಗಳಲ್ಲಿ ಲಿಂಗೈಕ್ಯರಾದರು. ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಕಣ್ಣುಳ್ಳವರೂ ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳ ಪಾದದಲ್ಲಿ ಕುಳಿತು ಕಲಿತರೆಂಬದನ್ನು ಮರೆಯಬಾರದು. ಕೊಳ್ಳುವವನು ಕೊಡುವವನಾದನೆಂಬದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಿಲ್ಲ.

ಆದರೆ ಪಡಸಾಲೆಯಲ್ಲಿ ಕುಳಿತ ಆ ಮಗನಿಗೆ ಇಷ್ಟರಿಂದಲೇ ಪರಿಹಾರವಾಗುವದಿಲ್ಲ. ಎಲ್ಲರಿಗೂ ಗವಾಯಿಗಳ ಕಂಠವಿರುವದಿಲ್ಲ. ಬಾಲ್ಯವು ದಾಟಿರುತ್ತದೆ, ತಾಯಿಯು ಅವನನ್ನು ದೂರದ ಆಶ್ರಮಕ್ಕೆ ಬಿಡಲೊಲ್ಲಳು, ಅವನೂ ಅವಳನ್ನು ಬಿಟ್ಟಿರಲಾರನು. ಅವನಿಗೆ ಬೇಕಾದದ್ದು ಮುಂಜಾನೆ ಹೋಗಿ ಸಂಜೆಗೆ ಮನೆಗೆ ಬರತಕ್ಕ, ತನ್ನದೇ ಊರಿನ ಒಂದು ಸ್ಥಳವು. ಇದಕ್ಕೆ ಹಗಲು ಆರೈಕೆಯ ಕೇಂದ್ರವೆಂದು ಹೆಸರು. ಮಠಗಳಲ್ಲಿ ಜಾತ್ರೆ, ಪುರಾಣಗಳ ದಿನಗಳನ್ನು ಬಿಟ್ಟರೆ ಪ್ರಸಾದನಿಲಯದ ಅಂಗಳವೂ ಜಗಲಿಯೂ ಹಗಲೆಲ್ಲ ಬರಿದಾಗಿರುತ್ತವೆ. ಆ ಜಗಲಿಯ ಮೇಲೆ ಹತ್ತು ಜನರ ವಾರವು ಹೇಗೆ ನಡೆಯಬಹುದೆಂಬದನ್ನು ಕ್ರಮವಾಗಿ ವಿವರಿಸಲಾಗುವದು.

ಸೋಮವಾರವು ಪತ್ರೆ ಪುಷ್ಪಗಳ ದಿನವು. ಬಿಲ್ವದ ಮೂರೆಲೆಯ ಕುಡಿಯನ್ನು ಆರಿಸುವದು, ಹರಿದುದನ್ನು ಬೇರೆ ತೆಗೆಯುವದು, ಹೂ ಕಟ್ಟುವದು. ಮೂರರ ವರೆಗೆ ಎಣಿಸಲು ಬಾರದವನಿಗೆ ಬಿಲ್ವದ ಕುಡಿಯೇ ಲೆಕ್ಕದ ಪಾಠವಾಗುತ್ತದೆ. ಮಂಗಳವಾರ ದಾಸೋಹದ ಜೋಳ, ತೊಗರಿಗಳನ್ನು ಹಸನು ಮಾಡುವದು, ಶೇಂಗಾ ಸುಲಿಯುವದು; ದ್ರಾಕ್ಷಿಯ ಸುಗ್ಗಿಯ ಮುಂದೆ ಒಣದ್ರಾಕ್ಷಿಯ ತೊಟ್ಟು ಬಿಡಿಸಿ ಬಣ್ಣದ ಮೇರೆಗೆ ವಿಂಗಡಿಸುವದು. ಕಣ್ಣಿಲ್ಲದವರ ಬೆರಳು ಹರಳನ್ನು ಬೇಗ ಗುರುತಿಸುವದು. ಬಣ್ಣದ ಕೆಲಸವನ್ನು ಕಿವಿ ಕೇಳದವರು ಚೆನ್ನಾಗಿ ಮಾಡುವರು. ಬುಧವಾರ ಅರಳೆಯಿಂದ ಬತ್ತಿಯನ್ನೂ ನಾರಿನಿಂದ ಹಗ್ಗವನ್ನೂ ಹೊಸೆಯುವದು. ಒಂದೇ ಕೈಯುಳ್ಳವನಿಗೆ ಹಗ್ಗದ ತುದಿಯನ್ನು ಗೂಟಕ್ಕೆ ಸಿಕ್ಕಿಸಿಕೊಟ್ಟರೆ ಆಯಿತು.

ಗುರುವಾರ ಹೊರಗಿನ ದಿನವು: ಅಂಗಡಿಗೆ ಹೋಗಿ ಹಣ ಕೊಟ್ಟು ಚಿಲ್ಲರೆ ಪಡೆಯುವದು, ಬಸ್ಸು ಹತ್ತಿ ಇಳಿಯುವದು, ಅಂಚೆಯ ಮನೆಯನ್ನು ಕಾಣುವದು. ಇದರಿಂದ ಅವರಿಗೆ ಊರಿನ ಪರಿಚಯವಾಗುವದಕ್ಕಿಂತಲೂ ಊರಿಗೆ ಅವರ ಪರಿಚಯವಾಗುವದು ಮುಖ್ಯವು. ಶುಕ್ರವಾರ ದೇಹದ ಆರೈಕೆಯ ದಿನವು: ಉಗುರು, ಕೂದಲು, ಬಟ್ಟೆಗಳ ಸ್ವಚ್ಛತೆ, ಬಿಗಿದ ಕೈಕಾಲುಗಳಿಗೆ ಬಲ್ಲವರು ತೋರಿಸಿಕೊಟ್ಟ ವ್ಯಾಯಾಮ, ಆಮೇಲೆ ಎಲ್ಲರೂ ಕೂಡಿ ಚಟ್ನಿ, ರೊಟ್ಟಿ, ಪಲ್ಯಗಳ ಅಡಿಗೆ. ಶನಿವಾರ ಭಜನೆ ಮತ್ತು ಲೆಕ್ಕದ ದಿನವು. ತಾಳ ಹಿಡಿಯುವವನು ತಾಳ ಹಿಡಿಯಲಿ, ಹಾಡಲಾರದವನು ಚಪ್ಪಾಳೆ ತಟ್ಟಲಿ. ವಾರದ ಬತ್ತಿ, ಹಗ್ಗಗಳನ್ನು ಮಾರಿ ಬಂದ ಹಣವನ್ನು ಅವರವರ ಕೈಯಲ್ಲಿಯೇ ಕೊಡತಕ್ಕದ್ದು. ಅದು ಹತ್ತು ರೂಪಾಯಿಯಾದರೂ ಆಗಲಿ, ತಾಯಿಯ ಕೈಗೆ ಅದನ್ನು ಮಗನೇ ಕೊಡಬೇಕು. ಆದಿತ್ಯವಾರ ಮನೆಯಲ್ಲಿ ವಿಶ್ರಾಂತಿಯು.

ಈ ಕ್ರಮವನ್ನು ನಡೆಸುವವರು ನಾಲ್ಕು ಮಾತುಗಳನ್ನು ಲಕ್ಷ್ಯದಲ್ಲಿಡತಕ್ಕದ್ದು. ಮೊದಲನೆಯದು, ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕೊನೆಯ ಹೆಜ್ಜೆಯಿಂದ ಕಲಿಸುವದು. ಹೂಮಾಲೆಯನ್ನೆಲ್ಲ ಕಲಿಸುವವನೇ ಕಟ್ಟಿ, ಕಡೆಯ ಗಂಟನ್ನು ಮಾತ್ರ ಕಲಿಯುವವನಿಗೆ ಬಿಡಬೇಕು. ಅದು ಬಂದ ಬಳಿಕ ಕಡೆಯ ಎರಡು ಗಂಟುಗಳನ್ನು ಬಿಡಬೇಕು. ಹೀಗೆ ಮಾಡಿದರೆ ಮೊದಲ ದಿನವೇ ಮಾಲೆಯನ್ನು ಪೂರ್ತಿ ಮಾಡಿದ ಸಂತೋಷವು ಅವನದಾಗುವದು. ಎರಡನೆಯದು, ಆರು ದಿನಗಳ ಆರು ಚಿತ್ರಗಳನ್ನು ಗೋಡೆಗೆ ಅಂಟಿಸುವದು. ಓದಲು ಬಾರದವನೂ ಇಂದು ಹೂವಿನ ದಿನ, ನಾಳೆ ಕಾಳಿನ ದಿನ ಎಂದು ತಿಳಿದು ಸಮಾಧಾನದಿಂದಿರುವನು. ಏನಾಗುವದೋ ತಿಳಿಯದೆ ಇರುವದರಿಂದಲೇ ಎಷ್ಟೋ ಸಿಟ್ಟು, ಅಳುಗಳು ಹುಟ್ಟುತ್ತವೆ.

ಮೂರನೆಯದು, ಅವರನ್ನು ಮಕ್ಕಳಂತೆ ಕಾಣಬಾರದು. ನಲವತ್ತು ವಯಸ್ಸಿನವನನ್ನು ಮರಿ, ತಮ್ಮಾ ಎಂದು ಲಲ್ಲೆಗರೆಯದೆ, ಅಣ್ಣಾ, ಅಕ್ಕಾ, ಕಾಕಾ ಎಂದು ವಯಸ್ಸಿಗೆ ತಕ್ಕಂತೆ ಕರೆಯತಕ್ಕದ್ದು. ಕುರುಡ, ಕುಂಟ, ಹುಚ್ಚ ಎಂಬ ಅಡ್ಡಹೆಸರುಗಳು ಮಠದ ಅಂಗಳದಲ್ಲಿ ಕೇಳಬಾರದು. ನಾಲ್ಕನೆಯದು, ಒಲ್ಲೆನೆನ್ನುವ ಅಧಿಕಾರವು ಅವರಿಗಿರಬೇಕು. ಒಲ್ಲದ ಕೆಲಸವನ್ನು ಹೇರಿದರೆ ಅದು ಕಾಯಕವಾಗದೆ ಬಿಟ್ಟಿಯಾಗುವದು. ಎರಡು ಕೆಲಸಗಳನ್ನು ಮುಂದಿಟ್ಟು, ಒಂದನ್ನು ಅವರೇ ಆರಿಸಿಕೊಳ್ಳಲೆಂದು ಕಾಯತಕ್ಕದ್ದು.

ಇನ್ನು ತಾಯಿಯ ರಾತ್ರಿಯ ಪ್ರಶ್ನೆಯು. ಇದಕ್ಕೆ ಸರಕಾರದ ಕಾಯಿದೆಯಲ್ಲಿಯೂ ಸ್ವಲ್ಪ ಉತ್ತರವುಂಟು. ೧೯೯೫ರ ಕಾಯಿದೆಯು ೭ ಬಗೆಯ ವೈಕಲ್ಯಗಳನ್ನು ಮಾತ್ರ ಹೆಸರಿಸಿದ್ದಿತು. ಅದರ ಸ್ಥಾನದಲ್ಲಿ ಬಂದ ೨೦೧೬ರ ಕಾಯಿದೆಯು ೨೧ ಬಗೆಗಳನ್ನು ಹೆಸರಿಸಿ, ಇವರ ಬಾಳು ದಯೆಯ ವಿಷಯವಲ್ಲ, ಹಕ್ಕಿನ ವಿಷಯವೆಂದು ಸಾರಿದೆ. ಬೌದ್ಧಿಕ ವೈಕಲ್ಯ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬಹುವಿಧ ವೈಕಲ್ಯ ಇವುಳ್ಳವರಿಗಾಗಿ ೧೯೯೯ರ ರಾಷ್ಟ್ರೀಯ ನ್ಯಾಸದ ಕಾಯಿದೆಯು ಹುಟ್ಟಿತು. ಇದರ ಮೇರೆಗೆ ಜಿಲ್ಲಾಧಿಕಾರಿಗಳುಳ್ಳ ಸ್ಥಾನಿಕ ಸಮಿತಿಯು ೧೮ ವರ್ಷ ದಾಟಿದವರಿಗೂ ಪಾಲಕರನ್ನು ನೇಮಿಸಬಹುದು. ತಂದೆತಾಯಿಗಳು ಬದುಕಿರುವಾಗಲೇ ಅರ್ಜಿ ಕೊಟ್ಟು ಈ ಏರ್ಪಾಡನ್ನು ಮಾಡಿಕೊಳ್ಳಬಹುದು. ಹಗಲು ಆರೈಕೆಗಾಗಿ ವಿಕಾಸವೆಂಬ ಹೆಸರಿನ ಯೋಜನೆಯೂ ಆ ನ್ಯಾಸದಿಂದಲೇ ರೂಪುಗೊಂಡಿತು. ಈ ಕಾಗದಪತ್ರಗಳ ದಾರಿಯು ಅಕ್ಷರ ತಿಳಿಯದ ತಾಯಿಗೆ ದುರ್ಗಮವು. ಮಠದ ಪಾಠಶಾಲೆಯಲ್ಲಿ ಓದಿದ ತರುಣನೊಬ್ಬನು ಅವಳೊಡನೆ ಜಿಲ್ಲಾ ಕಚೇರಿಯ ವರೆಗೆ ನಡೆದರೆ ಅದೂ ಗುರುಸೇವೆಯೇ.

ಆದರೆ ಪಾಲಕನ ಹೆಸರು ಕಾಗದದಲ್ಲಿದ್ದ ಮಾತ್ರಕ್ಕೆ ತಾಯಿಯ ಮನಸ್ಸು ನಿಲ್ಲದು. ಮಗನನ್ನು ಹತ್ತು ಜನರು ಹೆಸರಿನಿಂದ ಬಲ್ಲರು, ಒಂದು ದಿನ ಅವನು ಬಾರದಿದ್ದರೆ ಯಾಕೆ ಬರಲಿಲ್ಲವೆಂದು ಕೇಳುವವರಿದ್ದಾರೆ ಎಂಬ ನಂಬಿಗೆಯು ಅವಳಿಗೆ ಬೇಕು. ಆ ನಂಬಿಗೆಯನ್ನು ಕಾಯಿದೆಯು ಕೊಡಲಾರದು. ಊರ ಜಗಲಿಯು ಕೊಡಬಲ್ಲದು.

ಇದಕ್ಕೆ ದೊಡ್ಡ ಕಟ್ಟಡವು ಬೇಡ. ನೆರಳುಳ್ಳ ಜಗಲಿ, ಗಾಲಿಕುರ್ಚಿ ಏರುವಂಥ ಇಳಿಜಾರು ದಾರಿ, ಹಿಡಿಕೆಯುಳ್ಳ ಶೌಚಗೃಹ, ತರಬೇತಿ ಪಡೆದ ಒಬ್ಬಿಬ್ಬರು, ಸರದಿಯಂತೆ ಬರುವ ಭಕ್ತರು, ದಾಸೋಹದ ಒಂದು ಹೊತ್ತಿನ ಪ್ರಸಾದ: ಆರಂಭಕ್ಕೆ ಇಷ್ಟು ಸಾಕು. ಜಾತ್ರೆಗೆ ಸಾವಿರ ಜನರಿಗೆ ಉಣಿಸುವ ಊರುಗಳಿಗೆ ಹತ್ತು ಜನರ ವಾರವನ್ನು ತುಂಬಿಕೊಡುವದು ಭಾರವಾಗದು.

ಮಹೋತ್ಸವದ ಜ್ಯೋತಿಗಳು ಉರಿಯುತ್ತವೆ. ಮುಂದಿನ ಉತ್ಸವದ ಹೊತ್ತಿಗೆ ಆ ಜ್ಯೋತಿಯ ಬತ್ತಿಗಳನ್ನು ಬುಧವಾರದ ಜಗಲಿಯ ಮೇಲೆ ಕುಳಿತವರೇ ಹೊಸೆದಿರಲಿ. ಅಗುಳಿ ಹಾಕಿದ ಬಾಗಿಲುಗಳು ತೆರೆದಿರಲಿ. ಹಾಗಾದಲ್ಲಿ ಕಾಯಕ ದಾಸೋಹಗಳ ತತ್ವವು ಈ ನೆಲದಲ್ಲಿ ಪೂರ್ಣವಾಯಿತೆಂದು ಹೇಳಬಹುದು. ಸದ್ಭಕ್ತರು ಈ ವಿಚಾರವನ್ನು ಕೈಕೊಂಡು ನಡೆಸುವರೆಂಬ ಭರವಸೆಯೊಡನೆ ಇದನ್ನು ಶರಣರ ಚರಣಗಳಿಗೆ ಅರ್ಪಿಸಲಾಗಿದೆ.