ಸೈಕಲ್ಲಿಗೆ ಕಾವಲು



ಕಳ್ಳರ ಕೈಗೆ ಸಿಗುವ ವಸ್ತುಗಳಲ್ಲೆಲ್ಲ ಸೈಕಲ್ಲಿನದು ವಿಚಿತ್ರವಾದ ಸ್ಥಾನ. ಕೊಪ್ಪರಿಗೆಯನ್ನು ಕದ್ದವನು ಅದನ್ನು ಹೊರಬೇಕು. ಹಸುವನ್ನು ಕದ್ದವನು ಅದನ್ನು ಎಳೆದುಕೊಂಡು ಹೋಗಬೇಕು. ಸೈಕಲ್ಲಾದರೋ ತನ್ನನ್ನು ಕದ್ದವನನ್ನು ತಾನೇ ಹೊತ್ತುಕೊಂಡು ಓಡುತ್ತದೆ. ಇಷ್ಟೊಂದು ಪರೋಪಕಾರಬುದ್ಧಿಯ ವಾಹನವನ್ನು ಬೀದಿಯಲ್ಲಿ ಒಂಟಿಯಾಗಿ ನಿಲ್ಲಿಸಿ ಹೋದವನು, ಮರಳಿ ಬರುವವರೆಗೂ ಅದು ಅಲ್ಲಿಯೇ ಇರುವಂತೆ ಮಾಡುವ ಬಗೆ ಹೇಗೆ ಎಂಬುದು ಈ ಹೊತ್ತಿನ ನನ್ನ ವಿಷಯ.

ಬೀಗವಿಲ್ಲವೇ ಎಂದು ನೀವು ಕೇಳಬಹುದು. ಇದೆ. ಹಿಂಚಕ್ರಕ್ಕೆ ಕುದುರೆಯ ಲಾಳದಂತೆ ಕಚ್ಚಿಕೊಂಡಿರುವ ಬೀಗ ನಮಗೆಲ್ಲ ಪರಿಚಿತವೇ. ಕಡ್ಡಿಗಳ ನಡುವೆ ಒಂದು ಸರಳು ಹಾದು ಚಕ್ರವನ್ನು ತಡೆಯುತ್ತದೆ, ಅಷ್ಟೆ. ಹಿಂಬದಿಯನ್ನು ತುಸು ಎತ್ತಿ ಹಿಡಿದರೆ ಮುಂಚಕ್ರ ನಿರಾತಂಕವಾಗಿ ಉರುಳುತ್ತದೆ. ಪರದೇಶದ ದುಬಾರಿ ಬೀಗಗಳೂ ಅಜೇಯವಲ್ಲ. 2004ರಲ್ಲಿ ಅಮೆರಿಕದ ಹೆಸರಾಂತ ಉಕ್ಕಿನ ಬೀಗವೊಂದನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆಯಬಹುದೆಂಬುದು ಬಯಲಾಗಿ, ತಯಾರಕರು ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು. ಲೇಖನಿಯ ಶಕ್ತಿಯನ್ನು ಕುರಿತು ಮೂರು ದಶಕ ಪಾಠ ಹೇಳಿದ ನನಗೂ ಅದರ ಈ ಪ್ರಯೋಜನ ಹೊಳೆದಿರಲಿಲ್ಲ.

ಬೀಗವನ್ನು ನಂಬದವರು ಯುಕ್ತಿಯನ್ನು ನಂಬುತ್ತಾರೆ. 1980ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಸಹಪಾಠಿಗಳಲ್ಲಿ ನಾನು ಕಂಡ ಯುಕ್ತಿಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ಅಂಗಚ್ಛೇದ: ಸೀಟನ್ನು ಕಳಚಿ ಕಂಕುಳಲ್ಲಿಟ್ಟುಕೊಂಡು ತರಗತಿಗೆ ಬರುವುದು. ಕಾವ್ಯಮೀಮಾಂಸೆಯ ಪಾಠ ನಡೆಯುವಾಗ ಮುಂದಿನ ಬೆಂಚಿನ ಮೇಲೆ ಚರ್ಮದ ಸೀಟೊಂದು ಗಂಭೀರವಾಗಿ ಆಸೀನವಾಗಿರುತ್ತಿತ್ತು. ಎರಡನೆಯದು ಪ್ರಾಣಹರಣ: ವಾಲ್ವನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಗಾಳಿಯನ್ನೆಲ್ಲ ಬಿಟ್ಟುಬಿಡುವುದು. ಕಳ್ಳ ತಳ್ಳಿಕೊಂಡು ಹೋಗಬೇಕು, ನಿಜ. ಪಂಪು ಸಿಗುವವರೆಗೆ ಒಡೆಯನೂ ತಳ್ಳಿಕೊಂಡೇ ಹೋಗಬೇಕು. ಮೂರನೆಯದು ವೇಷಾಂತರ: ಹೊಸ ಸೈಕಲ್ಲಿಗೆ ಮಾಸಲು ಬಣ್ಣ ಬಳಿದು, ಹರಕು ಗೋಣಿ ಸುತ್ತಿ, ಅಜ್ಞಾತವಾಸಕ್ಕೆ ಕಳುಹಿಸುವುದು. ವಿರಾಟನಗರದಲ್ಲಿ ಪಾಂಡವರು ಹಿಡಿದ ದಾರಿಯೂ ಇದೇ. ನಾಲ್ಕನೆಯದು ವಿವಾಹ: ಇಬ್ಬರು ಗೆಳೆಯರು ತಮ್ಮ ಸೈಕಲ್ಲುಗಳನ್ನು ಎದುರುಬದುರಾಗಿ ನಿಲ್ಲಿಸಿ ಒಂದೇ ಸರಪಳಿಯಿಂದ ಬಿಗಿಯುವುದು. ಒಬ್ಬ ಗ್ರಂಥಾಲಯದಲ್ಲಿ ಮೈಮರೆತರೆ ಇನ್ನೊಬ್ಬನ ಊಟ ತಪ್ಪುತ್ತಿತ್ತು.

ಇದನ್ನೆಲ್ಲ ಹುಡುಗಾಟವೆಂದು ತಳ್ಳಿಹಾಕಲಾಗದು. ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ಗೋಡೆಗೆ ಕನ್ನ ಕೊರೆಯುವ ಮುನ್ನ ತನ್ನ ಜನಿವಾರವನ್ನೇ ಅಳತೆಯ ನೂಲಾಗಿ ಬಳಸುತ್ತಾನೆ. ಕದಿಯುವವನಿಗೆ ಒಂದು ಶಾಸ್ತ್ರವಿರುವಾಗ ಕಾಯುವವನಿಗೆ ಒಂದಿಷ್ಟು ಕಲೆಯಾದರೂ ಬೇಡವೇ?

ಆ ಕಲೆಯಲ್ಲಿ ಅತ್ಯಂತ ಸ್ವಾರಸ್ಯವಾದುದು ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದ ಒಂದು ಪ್ರಯೋಗ. ಅಲ್ಲಿಯ ಸಂಶೋಧಕರು ಆವರಣದೊಳಗೆ ಸೈಕಲ್ ನಿಲ್ಲಿಸುವ ಮೂರು ಕಡೆ, ದಿಟ್ಟಿಸಿ ನೋಡುವ ಎರಡು ಕಣ್ಣುಗಳ ಚಿತ್ರವನ್ನೂ, ಕಳ್ಳರ ಮೇಲೆ ನಿಗಾ ಇದೆಯೆಂಬ ಬರಹವನ್ನೂ ತೂಗುಹಾಕಿದರು. ಕಟ್ಟುತ್ತಿರುವ ಮನೆಗೆ ದೃಷ್ಟಿಗೊಂಬೆ ಕಟ್ಟುವ ನಮ್ಮ ಜನಕ್ಕೆ ಇದು ಹೊಸದೆನಿಸದು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಮೂರು ಕಡೆ ಕಳವು ಶೇಕಡ 62ರಷ್ಟು ಇಳಿಯಿತು. ಆದರೆ ಕಣ್ಣುಗಳಿಲ್ಲದ ಉಳಿದ ಕಡೆಗಳಲ್ಲಿ ಶೇಕಡ 65ರಷ್ಟು ಏರಿತು!

ಈ ಎರಡನೆಯ ಅಂಕಿಯನ್ನು ಓದಿದಾಗ ನನ್ನ ನಗೆ ನಿಂತಿತು. ಕಳ್ಳತನ ತನ್ನ ಜಾಗವನ್ನಷ್ಟೇ ಬದಲಾಯಿಸಿತ್ತು. ನಮ್ಮ ನಾಲ್ಕು ಯುಕ್ತಿಗಳ ತಾತ್ಪರ್ಯವಾದರೂ ಏನು? ‘ನನ್ನದು ಬೇಡಪ್ಪ, ಪಕ್ಕದ್ದನ್ನು ಒಯ್ಯಿ’ ಎಂಬುದೇ ಅಲ್ಲವೇ?

ಆ ಪಕ್ಕದವರು ಯಾರು? ಯುಕ್ತಿ ಮಾಡಲು ಪುರಸತ್ತಿಲ್ಲದವರು. ನಸುಕಿನಲ್ಲಿ ಮಹಡಿ ಹತ್ತಿ ಪತ್ರಿಕೆ ಹಾಕುವ ಹುಡುಗ. ಮನೆಮನೆಗೆ ಹಾಲು ಕೊಡುವವನು. ನಮ್ಮ ರಾಜ್ಯದಲ್ಲಿ 2006–07ರಲ್ಲಿ ಆರಂಭವಾದ ಯೋಜನೆಯಿಂದ ಸರ್ಕಾರಿ ಶಾಲೆಯ ಎಂಟನೆಯ ತರಗತಿಯಲ್ಲಿ ಸೈಕಲ್ ಪಡೆದ ಹಳ್ಳಿಯ ಹೆಣ್ಣುಮಗಳೊಬ್ಬಳನ್ನು ನೆನೆದುಕೊಳ್ಳಿ. ಸೈಕಲ್ ಹೋಯಿತೆಂದರೆ ಅವಳ ಪಾಲಿಗೆ ಶಾಲೆಯೇ ದೂರವಾದಂತೆ. ವಿತ್ತೋರಿಯೊ ದೆ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರ ಹೇಳುವುದೂ ಇದನ್ನೇ. ರೋಮ್ ನಗರದ ಬಡವನೊಬ್ಬ ಮನೆಯ ಹಾಸಿಗೆ ಹೊದಿಕೆಗಳನ್ನು ಒತ್ತೆಯಿಟ್ಟು, ಕೆಲಸಕ್ಕೆ ಬೇಕಾದ ಸೈಕಲ್ಲನ್ನು ಬಿಡಿಸಿ ತರುತ್ತಾನೆ. ಮೊದಲ ದಿನವೇ ಅದು ಕಳುವಾಗುತ್ತದೆ. ಊರೆಲ್ಲ ಹುಡುಕಿ ಸೋತವನು ಕೊನೆಗೆ ತಾನೇ ಪರರ ಸೈಕಲ್ಲಿಗೆ ಕೈಹಾಕಿ, ಮಗನ ಕಣ್ಣೆದುರಿನಲ್ಲಿ ಸಿಕ್ಕಿಬೀಳುತ್ತಾನೆ. ಕಳವು ಹೀಗೆ ಪಕ್ಕದವನಿಂದ ಪಕ್ಕದವನಿಗೆ ದಾಟುತ್ತದೆ.

ಈ ಸರಪಳಿಯನ್ನು ಕತ್ತರಿಸಲು ಆಮ್‌ಸ್ಟರ್‌ಡ್ಯಾಮಿನ ತರುಣರು 1965ರಲ್ಲಿ ಒಂದು ವಿಪರೀತದ ಉಪಾಯ ಹೂಡಿದರು. ಸೈಕಲ್ಲುಗಳಿಗೆ ಬಿಳಿಯ ಬಣ್ಣ ಬಳಿದು, ಬೀಗವಿಲ್ಲದೆ ಬೀದಿಯಲ್ಲಿ ನಿಲ್ಲಿಸಿ, ‘ಇವು ಎಲ್ಲರವು’ ಎಂದು ಸಾರಿದರು. ಎಲ್ಲರದ್ದನ್ನು ಕದಿಯುವುದು ಹೇಗೆ? ಪೊಲೀಸರು ಮಾತ್ರ ಬೀಗ ಹಾಕದಿರುವುದು ಕಾನೂನಿಗೆ ವಿರುದ್ಧವೆಂದು ಸೈಕಲ್ಲುಗಳನ್ನೇ ವಶಪಡಿಸಿಕೊಂಡರು. ತರುಣರು ಸಂಖ್ಯೆಯ ಬೀಗ ಹಾಕಿ, ಆ ಸಂಖ್ಯೆಯನ್ನು ಸೈಕಲ್ಲಿನ ಮೇಲೆಯೇ ಬರೆದರು! ಆ ಕನಸು ಅಲ್ಲಿ ಬೇಗನೆ ಮುಗಿಯಿತಾದರೂ ಅದರ ಬೀಜ ದೂರ ಹಾರಿತು. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಸೇವೆ ಅದೇ ಕುಲದ ಗಿಡ.

ನಾನು ಕಂಡ ಕಾವಲುಗಳಲ್ಲಿ ಶ್ರೇಷ್ಠವಾದುದು ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿತ್ತು. ಅಲ್ಲಿಯ ವೃದ್ಧರಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಚೀಟಿಯ ಬದಲು ಮುಖವನ್ನು ನೋಡುತ್ತಿದ್ದರು. ‘ಅದು ನಿಂದಲ್ಲ ಕಣಪ್ಪ, ಆ ಕನ್ನಡಕದ ಹುಡುಗಂದು, ಬಿಡು’ ಎಂದರೆ ಮುಗಿಯಿತು. ನ್ಯೂಕಾಸಲ್ಲಿನ ಚಿತ್ರದ ಕಣ್ಣು ತನ್ನೆದುರಿನ ಜಾಗವನ್ನಷ್ಟೇ ಕಾಯಿತು. ಈ ಕಣ್ಣಿಗೆ ಇನ್ನೂರು ಸೈಕಲ್ಲುಗಳೂ ಅವುಗಳ ಒಡೆಯರೂ ಗೊತ್ತಿದ್ದರು.

ಆದುದರಿಂದ, ಕೇಳುಗರೇ, ಸೈಕಲ್ಲನ್ನು ಗಟ್ಟಿಯಾದ ಕಂಬಕ್ಕೆ ಸರಪಳಿಯಿಂದ ಬಿಗಿಯಿರಿ. ಚೌಕಟ್ಟಿನ ಮೇಲೆ ಕೊರೆದಿರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದರ ಜೊತೆಗೆ ಪಕ್ಕದ ಸೈಕಲ್ಲು ಯಾರದೆಂಬುದನ್ನೂ ತಿಳಿದುಕೊಳ್ಳಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಒಂದು ಹೊಸ ಮಾತಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಸಿಕ್ಕಿಬಿದ್ದವನು ಅದನ್ನು ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಹಳೆಯ ಸೈಕಲ್ಲಿನ ಕಳ್ಳ ಬಹುಮಟ್ಟಿಗೆ ಈ ಲೆಕ್ಕಕ್ಕೇ ಬರುತ್ತಾನೆ. ಅಂಥವನನ್ನು ಒಂದಷ್ಟು ದಿನ ಸೈಕಲ್ ಸ್ಟ್ಯಾಂಡ್ ಕಾಯಲು ಕೂರಿಸಬೇಕೆಂಬುದು ನನ್ನ ಸೂಚನೆ. ಪ್ರತಿಯೊಂದು ಸೈಕಲ್ಲಿಗೂ ಒಂದು ಮುಖವಿದೆಯೆಂಬುದು ಅವನಿಗೂ ತಿಳಿಯಲಿ.